ಮಂಟಪದ ಮಾತು ಯಾರಿಗೆ ಕೇಳಿಸಬೇಕು?
ವಿವಾಹದ ಕಾರ್ಯಕ್ರಮಪತ್ರಿಕೆಯ ಬಗೆಗೆ ಒಂದು ವಿಮರ್ಶೆ

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ವೇದಾವತಿ ನದಿಯ ಮಗ್ಗುಲಿನ ಹೋಬಳಿ ಕೇಂದ್ರ. ಮಳೆ ಕಡಿಮೆಯಾದ, ಶೇಂಗಾ ಬೆಳೆಯನ್ನು ನಂಬಿದ ಸೀಮೆಯದು. ಆಂಧ್ರದ ಗಡಿ ಹತ್ತಿರವಿರುವುದರಿಂದ ಹೆಣ್ಣು ಕೊಡುವುದೂ ತರುವುದೂ ಕಲ್ಯಾಣದುರ್ಗ, ರಾಯದುರ್ಗಗಳ ಕಡೆಗೂ ಉಂಟು. ಆದುದರಿಂದ ಒಂದೇ ಚಪ್ಪರದ ಕೆಳಗೆ ಕನ್ನಡವೂ ತೆಲುಗೂ ಕೇಳಿಬರುತ್ತವೆ. ಇಂಥ ಊರಿನಲ್ಲಿ ಮದುವೆಯೊಂದು ಗೊತ್ತಾಯಿತೆಂದರೆ ಮೊದಲು ಇತ್ಯರ್ಥವಾಗುವ ಸಂಗತಿಗಳು ಮೂರು: ಮುಹೂರ್ತ, ಛತ್ರ, ಪತ್ರಿಕೆ. ಮೊದಲಿನ ಎರಡನ್ನು ಹಿರಿಯರು ಬೇಗ ಮುಗಿಸುತ್ತಾರೆ. ಮೂರನೆಯದಕ್ಕೆ ಮನೆಮಂದಿಯೆಲ್ಲ ಮುದ್ರಣಾಲಯದ ಮಾದರಿ ಪುಸ್ತಕವನ್ನು ಮುಂದಿಟ್ಟುಕೊಂಡು ಕೂರುತ್ತಾರೆ. ಯಾವ ಕಾಗದ, ಎಷ್ಟು ಮಡಿಕೆ, ಯಾವ ಬಣ್ಣ, ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬ ಚರ್ಚೆ ರಾತ್ರಿಯವರೆಗೂ ನಡೆಯುತ್ತದೆ.

ಈ ಚರ್ಚೆ ಕೇವಲ ಕಾಗದದ್ದೆಂದು ತೋರಬಹುದು. ಆದರೆ ಪತ್ರಿಕೆಯ ಒಳಪುಟದಲ್ಲಿ ಅಚ್ಚಾಗುವ ಕಾರ್ಯಕ್ರಮಗಳ ಸಾಲು ಆ ಮದುವೆ ಯಾವ ಬಗೆಯದು ಎಂಬುದನ್ನು ಮುಂದಾಗಿ ಸಾರುವ ಘೋಷಣೆ. ಅರಿಶಿನಶಾಸ್ತ್ರ, ವರಪೂಜೆ, ಆರತಕ್ಷತೆ, ಧಾರಾಮುಹೂರ್ತ, ಬೀಗರ ಔತಣ ಎಂಬ ಸಾಲಿನಲ್ಲಿ ಯಾವುದಕ್ಕೆ ಎಷ್ಟು ಹೊತ್ತು, ಯಾವುದಕ್ಕೆ ಎಷ್ಟು ಹಣ, ಯಾರು ಮಾತನಾಡುವರು, ಯಾರು ಸುಮ್ಮನಿರುವರು ಎಂಬುದೆಲ್ಲ ಅಡಗಿದೆ. ಹೀಗಾಗಿ ಕಾವ್ಯವನ್ನೋ ನಾಟಕವನ್ನೋ ವಿಮರ್ಶಿಸುವಂತೆಯೇ ವಿವಾಹದ ಕಾರ್ಯಕ್ರಮಪತ್ರಿಕೆಯನ್ನೂ ಒಂದು ಬರಹವೆಂದು ಭಾವಿಸಿ ವಿಮರ್ಶಿಸುವುದು ಅನುಚಿತವಲ್ಲ. ಸಮಾಜದಲ್ಲಿ ಅತಿ ಹೆಚ್ಚು ಜನ ಅಚ್ಚು ಹಾಕಿಸುವ, ಆದರೆ ಅತಿ ಕಡಿಮೆ ಜನ ಗಮನವಿಟ್ಟು ಓದುವ ಬರಹ ಬಹುಶಃ ಇದೇ.

ವಿಮರ್ಶೆಗೆ ಒಂದು ಅಳತೆಗೋಲು ಬೇಕು. ಅದನ್ನು ಹೊರಗಿನಿಂದ ತರಬೇಕಾಗಿಲ್ಲ. ಕ್ರಿ.ಶ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿ ಶ್ರಾವಕಾಚಾರವನ್ನು ಹೇಳುವ ಸಂದರ್ಭದಲ್ಲಿ ಲೌಕಿಕ ವಿಧಿಗಳ ಬಗೆಗೆ ಬಹಳ ಉದಾರವಾದ ಒಂದು ನಿಯಮವನ್ನು ಕೊಟ್ಟಿದ್ದಾನೆ. ಲೋಕದಲ್ಲಿ ರೂಢಿಯಲ್ಲಿರುವ ಯಾವ ವಿಧಿಯೂ ಜೈನನಿಗೆ ಗ್ರಾಹ್ಯವೇ. ಆದರೆ ಅದರಿಂದ ಸಮ್ಯಕ್ತ್ವಕ್ಕೆ ಹಾನಿಯಾಗಬಾರದು, ವ್ರತಗಳಿಗೆ ಕಳಂಕ ಬರಬಾರದು ಎಂಬುದು ಅದರ ತಾತ್ಪರ್ಯ. ಇಂಥದೇ ಮಂತ್ರ, ಇಂಥದೇ ಪದ್ಧತಿ ಎಂದು ಆತ ಹಟ ಹಿಡಿಯಲಿಲ್ಲ. ವಿಧಿಯ ಹೊರರೂಪವನ್ನು ದೇಶಕಾಲಗಳಿಗೆ ಬಿಟ್ಟು, ಅದರ ನೈತಿಕ ಫಲವನ್ನು ಮಾತ್ರ ಪರೀಕ್ಷೆಗೆ ಒಡ್ಡಿದ. ಸಾವಿರ ವರ್ಷಗಳ ಹಿಂದಿನ ಈ ಮಾತು ಇಂದಿನ ಮಾದರಿ ಪುಸ್ತಕದ ಮುಂದೆ ಕುಳಿತ ತಂದೆತಾಯಿಗೂ ಅನ್ವಯಿಸುತ್ತದೆ.

ಇನ್ನೊಂದು ಆಧಾರವೂ ಸ್ಮರಣೀಯ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಗೃಹಸ್ಥನ 53 ಗರ್ಭಾನ್ವಯ ಕ್ರಿಯೆಗಳನ್ನು ಎಣಿಸುವಾಗ 17ನೆಯದಾಗಿ ವಿವಾಹವನ್ನು ಹೇಳುತ್ತಾರೆ. ಅಲ್ಲಿ ಪಾಣಿಗ್ರಹಣವನ್ನು ದೀಕ್ಷೆಯೆಂಬ ಮಾತಿನಿಂದಲೇ ಕರೆದು, ನವದಂಪತಿಗಳಿಗೆ ಏಳು ದಿನಗಳ ಬ್ರಹ್ಮಚರ್ಯವನ್ನು ವಿಧಿಸಿದ್ದಾರೆ. ಅಂದರೆ ವಿವಾಹ ಭೋಗಕ್ಕೆ ಸಿಕ್ಕ ಅಪ್ಪಣೆಯಲ್ಲ, ಭೋಗಕ್ಕೆ ಹಾಕಿಕೊಂಡ ಮೇರೆ. ಗೃಹಸ್ಥನ ಬ್ರಹ್ಮಚರ್ಯಾಣುವ್ರತಕ್ಕೆ ಸ್ವದಾರಸಂತೋಷವೆಂಬ ಹೆಸರಿರುವುದೂ ಇದೇ ಅರ್ಥದಲ್ಲಿ. ಮದುವೆ ಒಂದು ವ್ರತಸ್ವೀಕಾರವಾದರೆ ಅದರಿಂದ ಒಂದು ನಿಗಮನ ತಾನಾಗಿ ಹೊರಡುತ್ತದೆ: ವ್ರತವನ್ನು ಕೊಳ್ಳುವವರಿಗೆ ಅದು ಕೇಳಿಸಬೇಕು, ತಿಳಿಯಬೇಕು, ಅವರ ಬಾಯಿಂದಲೇ ಬರಬೇಕು. ಅರಿಯದೆ ಕೊಂಡದ್ದು ವ್ರತವಾಗುವುದಿಲ್ಲ. ವಿವಾಹದ ಕಾರ್ಯಕ್ರಮಗಳ ಯಾವ ಮಾದರಿಯನ್ನೇ ಆಗಲಿ ತೂಗಿ ನೋಡಬೇಕಾದ ಮೊದಲ ಪ್ರಶ್ನೆ ಇದೇ.

ಈ ದೃಷ್ಟಿಯಿಂದ ಮೊದಲು ಸಾಮಾನ್ಯ ಮಾದರಿಯನ್ನು ನೋಡಬಹುದು. ಪತ್ರಿಕೆಯ ನೆತ್ತಿಯಲ್ಲಿ ಇಷ್ಟದೇವತೆಯ ಹೆಸರು. ಜೈನರ ಮನೆಯದಾದರೆ ಶ್ರೀ ವೀತರಾಗಾಯ ನಮಃ. ಅದರ ಕೆಳಗೆ ಚಿ॥ರಾ॥, ಚಿ॥ಸೌ॥ ಎಂಬ ಸಂಕ್ಷೇಪಗಳ ನಡುವೆ ವಧೂವರರ ಹೆಸರುಗಳು, ಪದವಿಗಳು, ಉದ್ಯೋಗಗಳು. ಅನೇಕ ಪತ್ರಿಕೆಗಳಲ್ಲಿ ತಾಯಿಗೆ ಸ್ವಂತ ಹೆಸರಿಲ್ಲ. ‘ಶ್ರೀಮತಿ ಮತ್ತು ಶ್ರೀ’ ಎಂದು ಆರಂಭವಾಗಿ ಗಂಡನ ಹೆಸರಿನಲ್ಲಿ ಆಕೆಯೂ ಅಡಗಿಹೋಗುತ್ತಾಳೆ. ಕೊನೆಯಲ್ಲಿ ಸುಖಾಗಮನವನ್ನು ಬಯಸುವವರ ಪಟ್ಟಿ. ಅದರಲ್ಲಿ ಯಾರ ಹೆಸರು ಬಿಟ್ಟರೂ ಮುನಿಸು ತಪ್ಪದು. ಎಲ್ಲಕ್ಕಿಂತ ಕೆಳಗೆ ‘ಆಶೀರ್ವಾದವೇ ಉಡುಗೊರೆ’ ಎಂಬ ಸಾಲು. ಇತ್ತ ಆ ಸಾಲು ಅಚ್ಚಾಗಿರುವಾಗಲೇ ಅತ್ತ ಮಂಟಪದ ಬಾಗಿಲಲ್ಲಿ ಮುಯ್ಯಿ ಬರೆಯುವ ಪುಸ್ತಕ ತೆರೆದಿರುವುದುಂಟು.

ಮುಯ್ಯಿಯನ್ನು ಒಮ್ಮೆಗೇ ಹೀನಾಯಗೊಳಿಸುವುದು ನ್ಯಾಯವಲ್ಲ. ಬರಗಾಲದ ಸೀಮೆಯಲ್ಲಿ ಒಬ್ಬರ ಮನೆಯ ಮದುವೆಗೆ ಹತ್ತು ಮನೆಯವರು ಕೈಗೂಡಿಸಿ, ತಮ್ಮ ಸರದಿ ಬಂದಾಗ ಅದನ್ನು ಹಿಂದೆ ಪಡೆಯುವ ಈ ರೂಢಿ ಬಡವರು ಕಟ್ಟಿಕೊಂಡ ಬಡ್ಡಿಯಿಲ್ಲದ ಸಹಕಾರ. ದೋಷವಿರುವುದು ಮುಯ್ಯಿಯಲ್ಲಲ್ಲ, ಬೇಡವೆಂದು ಅಚ್ಚು ಹಾಕಿಸಿ ಬೇಕೆಂದು ಕೈಚಾಚುವುದರಲ್ಲಿ. ಹಾಗೆಯೇ ವೀತರಾಗನ ಹೆಸರನ್ನು ತಲೆಯ ಮೇಲಿಟ್ಟುಕೊಂಡು ಅದರ ಕೆಳಗೆ ರಾಗದ್ವೇಷಗಳ ಪಟ್ಟಿಯನ್ನೇ ಜೋಡಿಸುವುದು ಸತ್ಯಾಣುವ್ರತಕ್ಕೆ ಸಲ್ಲದ ನಡೆ. ಪತ್ರಿಕೆಯ ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಎಷ್ಟು ಸುಳ್ಳು ನುಸುಳಿದೆ ಎಂದು ಓದಿ ನೋಡುವ ಅಭ್ಯಾಸ ಮನೆಗಳಲ್ಲಿ ಬರಬೇಕು.

ಇನ್ನು ಕಾರ್ಯಕ್ರಮದ ಒಳಗೆ ಬರುವುದಾದರೆ, ಸಾಮಾನ್ಯ ಮಾದರಿಯ ದೊಡ್ಡ ಕೊರತೆ ಧಾರೆಯ ಹೊತ್ತಿನಲ್ಲಿ ಕಾಣುತ್ತದೆ. ಪುರೋಹಿತರು ಮಂತ್ರ ಹೇಳುತ್ತಿರುತ್ತಾರೆ. ವಧೂವರರಿಗೆ ಅದರ ಅರ್ಥ ತಿಳಿಯದು. ಮಾಂಗಲ್ಯಧಾರಣೆಯ ಕ್ಷಣ ಬಂದೊಡನೆ ಗಟ್ಟಿಮೇಳವೆಂಬ ಕೂಗೇಳುತ್ತದೆ. ಓಲಗದವರು ಒಮ್ಮೆಗೇ ಏರುಶ್ರುತಿಗೆ ಹೋಗುತ್ತಾರೆ. ಅಶುಭದ ಸದ್ದೊಂದೂ ಆ ಕ್ಷಣದಲ್ಲಿ ಕಿವಿಗೆ ಬೀಳದಿರಲೆಂದು ಹುಟ್ಟಿದ ಏರ್ಪಾಡು ಇದು. ಪರಿಣಾಮದಲ್ಲಿ ಶುಭದ ಮಾತೂ ಕಿವಿಗೆ ಬೀಳುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಛಾಯಾಗ್ರಾಹಕರ ದೀಪಗಳೂ ಸೇರಿ, ವಧೂವರರು ಪರಸ್ಪರ ಮುಖ ನೋಡುವ ಬದಲು ಕ್ಯಾಮೆರಾದ ಕಡೆ ಮುಖ ಮಾಡುವಂತಾಗಿದೆ. ನೆರೆದವರಿಗೆ ಕಾಣುವುದು ಛಾಯಾಗ್ರಾಹಕರ ಬೆನ್ನು. ಇಡೀ ಸಮಾರಂಭದ ಹೃದಯದಲ್ಲಿರಬೇಕಾದ ಪ್ರತಿಜ್ಞೆ ಯಾರೂ ಕೇಳದ, ಯಾರೂ ಕಾಣದ ಭಾಗವಾಗಿದೆ.

ಇದರ ಮೇಲೆ ಈಗ ಬಂದಿರುವುದು ಏರ್ಪಾಟುದಾರರ ಮಾದರಿ. ಅರಿಶಿನಶಾಸ್ತ್ರ ಹಲ್ದಿಯಾಗಿದೆ, ಮೆಹಂದಿ ಮತ್ತು ಸಂಗೀತ್ ಎಂಬ ಹೊಸ ಸಂಜೆಗಳು ಸೇರಿವೆ, ಮದುವೆಗೆ ಮೊದಲೇ ಚಿತ್ರೀಕರಣ ನಡೆದು ಅದು ದೊಡ್ಡ ಪರದೆಯ ಮೇಲೆ ಬರುತ್ತದೆ. ನಗರದಲ್ಲಿ ಹುಟ್ಟಿದ ಈ ಕ್ರಮ ಮೊಬೈಲಿನ ಮೂಲಕ ಹೋಬಳಿ ಕೇಂದ್ರಗಳಿಗೂ ಬಂದಿದೆ. ಸಂತೋಷಪಡುವುದು ಪಾಪವಲ್ಲ. ಆದರೆ ಇಲ್ಲಿ ಪ್ರತಿಯೊಂದು ಸಂಜೆಗೂ ಬೇರೆ ಉಡುಪು, ಬೇರೆ ಅಲಂಕಾರ, ಬೇರೆ ಊಟವೆಂಬ ನಿಯಮವಿದೆ. ಆ ನಿಯಮಕ್ಕೆ ತೆರುವ ಹಣ ಬಹುತೇಕ ಹೆಣ್ಣಿನ ಮನೆಯದು. ಒಂದು ಮಳೆ ತಪ್ಪಿದರೆ ಶೇಂಗಾ ಬೆಳೆ ಕೈಕೊಡುವ ಸೀಮೆಯಲ್ಲಿ ಮೂರು ಸಂಜೆಗಳ ಸಡಗರಕ್ಕೆ ಮೂರು ವರ್ಷಗಳ ದುಡಿಮೆಯನ್ನು ಅಡವಿಡುವುದು ಪರಿಗ್ರಹಪರಿಮಾಣದ ವಿಷಯ ಮಾತ್ರವಲ್ಲ, ಅಹಿಂಸೆಯ ವಿಷಯವೂ ಹೌದು. ಸಾಲ ಮಾಡಿಸುವುದೂ ಒಂದು ಬಗೆಯ ನೋಯಿಸುವಿಕೆಯೇ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಕೊಡುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದಿದೆ. 1985ರ ನಿಯಮಗಳು ವಧುವಿಗೂ ವರನಿಗೂ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕೆಂದು ವಿಧಿಸಿವೆ. ಆದರೆ ‘ಮದುವೆ ಚೆನ್ನಾಗಿ ಮಾಡಿಕೊಡಿ’ ಎಂಬ ಒಂದೇ ಮಾತಿನಲ್ಲಿ ಅಡಗುವ ಬೇಡಿಕೆ ಯಾವ ಪಟ್ಟಿಗೂ ಸಿಗುವುದಿಲ್ಲ. ಆ ಬೇಡಿಕೆ ಬರಹರೂಪ ತಾಳುವುದು ಕಾರ್ಯಕ್ರಮಪತ್ರಿಕೆಯಲ್ಲಿ.

ಈ ಎರಡು ಮಾದರಿಗಳಿಗೆ ಎದುರಾಗಿ ಕನ್ನಡನಾಡಿನಲ್ಲಿ ಹುಟ್ಟಿದ ಗಂಭೀರವಾದ ಪರ್ಯಾಯವೆಂದರೆ ಕುವೆಂಪು ಅವರ ಮಂತ್ರ ಮಾಂಗಲ್ಯ. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ವಿವಾಹ ಈ ಕ್ರಮದಲ್ಲಿ ನಡೆಯಿತು. ವೇದೋಪನಿಷತ್ತುಗಳಿಂದ ಆಯ್ದ ಮಂತ್ರಗಳು, ಅವುಗಳ ಕನ್ನಡ ತಾತ್ಪರ್ಯ, ವಧೂವರರಿಗೆ ಬೋಧಿಸುವ ಪ್ರತಿಜ್ಞೆ – ಇಷ್ಟನ್ನು ಒಳಗೊಂಡ ಸಣ್ಣ ಪುಸ್ತಿಕೆಯೇ ಅಲ್ಲಿ ಪುರೋಹಿತ. ಜಾತಕವಿಲ್ಲ, ರಾಹುಕಾಲದ ಲೆಕ್ಕವಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಹಿರಿಯರೊಬ್ಬರು ಓದುತ್ತಾರೆ, ನೆರೆದ ಕೆಲವರು ಸಾಕ್ಷಿಗಳಾಗುತ್ತಾರೆ. ಮುಂದೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ಮತ್ತು ರೈತಸಂಘದ ಕಾರ್ಯಕರ್ತರು ಇಂಥ ಸರಳ ವಿವಾಹಗಳನ್ನು ಹಳ್ಳಿಗಳಿಗೆ ಒಯ್ದರು.

ಚಳ್ಳಕೆರೆ ಸೀಮೆಗೆ ಈ ಪುಸ್ತಿಕೆ ತೀರ ಪರಕೀಯವೂ ಅಲ್ಲ. ಇದೇ ತಾಲ್ಲೂಕಿನ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯನವರು ಕುವೆಂಪು ಅವರ ಗುರುಗಳು. ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯ ಅರ್ಪಿತವಾಗಿರುವುದು ಅವರಿಗೇ. ಹಳೆಯದನ್ನು ತಿರಸ್ಕರಿಸದೆ, ಹೊಸದಕ್ಕೆ ಹೆದರದೆ ಕನ್ನಡದಲ್ಲಿ ಚಿಂತಿಸುವ ಬಗೆಯನ್ನು ಕಲಿಸಿದ ಆ ತಲೆಮಾರಿನ ಮನೋಧರ್ಮ ಮಂತ್ರ ಮಾಂಗಲ್ಯದಲ್ಲಿಯೂ ಕಾಣುತ್ತದೆ. ಅದು ಮಂತ್ರವನ್ನು ಬಿಟ್ಟುಬಿಡುವುದಿಲ್ಲ. ಮಂತ್ರಕ್ಕೆ ಅರ್ಥವನ್ನು ಹಿಂದಕ್ಕೆ ತಂದುಕೊಡುತ್ತದೆ.

ಬರಹವೆಂಬ ನೆಲೆಯಲ್ಲಿ ಪುಸ್ತಿಕೆಯ ಗುಣ ಇಲ್ಲಿಯೇ ಇದೆ. ಮೇಲೆ ಹೇಳಿದ ಮೊದಲ ಪ್ರಶ್ನೆಗೆ, ಅಂದರೆ ಪ್ರತಿಜ್ಞೆ ಕೇಳಿಸುತ್ತದೆಯೇ ತಿಳಿಯುತ್ತದೆಯೇ ಎಂಬುದಕ್ಕೆ, ಅದು ನಿಸ್ಸಂದಿಗ್ಧವಾಗಿ ಉತ್ತರ ಕೊಡುತ್ತದೆ. ಗಟ್ಟಿಮೇಳದ ಜಾಗದಲ್ಲಿ ಮಾತನ್ನು ಇಡುತ್ತದೆ. ಸಂಸ್ಕೃತದ ಪಕ್ಕದಲ್ಲಿ ಕನ್ನಡವನ್ನು ನಿಲ್ಲಿಸಿ ಮದುಮಗಳಿಗೂ ಮದುಮಗನಿಗೂ ಸಮಾನವಾಗಿ ಬೋಧಿಸುತ್ತದೆ. ಮೂಢನಂಬಿಕೆಗಳಿಂದಲೂ ಜಾತಿಯ ಮೇಲುಕೀಳುಗಳಿಂದಲೂ ಬಿಡುಗಡೆ ಹೊಂದಬೇಕೆಂದು ಅದು ಕೇಳುವ ಮಾತು ಜೈನ ಓದುಗನಿಗೆ ಹೊಸದೆನಿಸದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆ, ದೇವಮೂಢತೆ, ಪಾಷಂಡಿಮೂಢತೆ ಎಂಬ ಮೂರು ಮೌಢ್ಯಗಳನ್ನು ಸಮ್ಯಗ್ದರ್ಶನಕ್ಕೆ ಅಡ್ಡಿಗಳೆಂದು ಎಣಿಸಿದ್ದನ್ನು ಅದು ನೆನಪಿಗೆ ತರುತ್ತದೆ. ಇನ್ನು ಜನರ ನುಡಿಯಲ್ಲಿ ಧರ್ಮವನ್ನು ಹೇಳುವ ವಿಚಾರ. ಭಗವಾನ್ ಮಹಾವೀರರ ಉಪದೇಶ ಅರ್ಧಮಾಗಧಿಯಲ್ಲಿ ನಡೆದುದೂ, ವಡ್ಡಾರಾಧನೆಯ ಕರ್ತೃ, ಪಂಪ, ರನ್ನರು ಕನ್ನಡವನ್ನು ಹಿಡಿದುದೂ ಇದೇ ಕಾರಣಕ್ಕಲ್ಲವೇ? ಮಂಟಪದಲ್ಲಿ ಮಾತ್ರ ಆ ಪರಂಪರೆ ಮೌನವಾಗಬೇಕೆಂದು ಯಾವ ಆಗಮವೂ ಹೇಳಿಲ್ಲ.

ಹಾಗೆಂದು ಮಂತ್ರ ಮಾಂಗಲ್ಯ ದೋಷರಹಿತವಾದ ಮಾದರಿಯೆಂದು ಒಪ್ಪಿ ಸುಮ್ಮನಾಗುವುದು ವಿಮರ್ಶೆಯಲ್ಲ. ಅದರ ಮೊದಲ ಮಿತಿ ಧ್ವನಿಗೆ ಸಂಬಂಧಿಸಿದ್ದು. ಅಲ್ಲಿ ಒಬ್ಬ ಹಿರಿಯರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಪುರೋಹಿತರ ಜಾಗಕ್ಕೆ ಸಾಹಿತಿಯೋ ಉಪನ್ಯಾಸಕರೋ ಬಂದರೂ ವೇದಿಕೆಯ ಮಾತು ಬಹುಮಟ್ಟಿಗೆ ಗಂಡಸರ ಕೈಯಲ್ಲಿಯೇ ಉಳಿಯುವುದುಂಟು. ಹಳೆಯ ಮದುವೆಯಲ್ಲಿ ಮಂತ್ರ ಪುರೋಹಿತರದಾದರೂ ಹಾಡು ಹೆಂಗಸರದಾಗಿತ್ತು. ಅರಿಶಿನ ಕುಟ್ಟುವಾಗ, ಹಸೆಗೆ ಕರೆಯುವಾಗ, ಹೆಣ್ಣೊಪ್ಪಿಸಿ ಕೊಡುವಾಗ ಸೋಬಾನೆಯ ಪದಗಳನ್ನು ಹೇಳುತ್ತಿದ್ದವರು ಅಕ್ಷರ ಅರಿಯದ ಅಜ್ಜಿಯರು. ತವರಿನ ದುಃಖ, ಅತ್ತೆಮನೆಯ ಆತಂಕ, ಬೀಗರ ಬಿಂಕದ ಬಗೆಗಿನ ಪರಿಹಾಸ್ಯ – ಶಾಸ್ತ್ರದಲ್ಲಿ ಬಾರದ ಸತ್ಯಗಳೆಲ್ಲ ಆ ಹಾಡುಗಳಲ್ಲಿ ಬರುತ್ತಿದ್ದವು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟಿ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇರಿಸಿಕೊಂಡಿದ್ದರೆಂಬುದೂ, ಕೃಷ್ಣಮೂರ್ತಿ ಹನೂರರು ಅವರ ಹಾಡುಗಳನ್ನು ಸಂಗ್ರಹಿಸಿದರೆಂಬುದೂ ನಾಡಿಗೆ ತಿಳಿದ ಸಂಗತಿ. ಇಂಥ ಸಂಪತ್ತಿರುವ ಸೀಮೆಯಲ್ಲಿ ಮದುವೆಯ ಸುಧಾರಣೆಯೆಂದರೆ ಹಾಡನ್ನು ಹೊರಗಿಟ್ಟು ಭಾಷಣವನ್ನು ಒಳತರುವುದಾಗಬಾರದು. ಇತ್ತ ಧ್ವನಿವರ್ಧಕದ ಸಿನಿಮಾ ಹಾಡು, ಅತ್ತ ಸುಧಾರಕರ ಭಾಷಣ. ಇವೆರಡರ ನಡುವೆ ಸೋಬಾನೆ ಬಾಯಿ ಮುಚ್ಚಿದೆ.

ಎರಡನೆಯ ಮಿತಿ ಬೋಧೆಯ ಒಲವಿಗೆ ಸಂಬಂಧಿಸಿದ್ದು. ಪುಸ್ತಿಕೆ ಯಾವುದನ್ನು ಬಿಡಬೇಕೆಂಬುದನ್ನು ಗಟ್ಟಿಯಾಗಿ ಹೇಳುತ್ತದೆ; ದಿನದಿನದ ದಾಂಪತ್ಯದಲ್ಲಿ ಯಾವುದನ್ನು ಹೊರಬೇಕೆಂಬುದನ್ನು ಅಷ್ಟು ವಿವರವಾಗಿ ಹೇಳುವುದಿಲ್ಲ. ಅದರ ಕಾಲಕ್ಕೆ ಅದು ಸಹಜ. ಬೇಡಿ ಕಳಚುವವನು ಮೊದಲು ಬೇಡಿಯ ಮಾತನ್ನೇ ಆಡುತ್ತಾನೆ. ಆದರೆ ಇಂದಿನ ಮನೆಗಳ ಪ್ರಶ್ನೆಗಳು ಬೇರೆ. ದುಡಿಯುವ ಇಬ್ಬರ ನಡುವೆ ಮನೆಗೆಲಸದ ಹಂಚಿಕೆ ಹೇಗೆ, ಎರಡೂ ಕಡೆಯ ವೃದ್ಧ ತಂದೆತಾಯಿಗಳ ಹೊಣೆ ಯಾರದು, ಕೋಪ ಬಂದಾಗ ಕೈ ಎತ್ತುವುದಿಲ್ಲವೆಂಬ ಅಹಿಂಸೆ ಮನೆಯೊಳಗೂ ಸಲ್ಲುವುದೇ – ಇವೆಲ್ಲ ಪ್ರತಿಜ್ಞೆಯೊಳಗೆ ಬರಬೇಕಾದ ಮಾತುಗಳು. ಮೂರನೆಯದು ಪುಸ್ತಿಕೆಯ ದೋಷವಲ್ಲ, ಬಳಸುವವರದು. ಬೆಳಗ್ಗೆ ಸರಳ ವಿವಾಹವೆಂದು ಪ್ರತಿಜ್ಞೆ ಓದಿ, ಸಂಜೆ ಸಾವಿರ ಎಲೆಗಳ ಔತಣಕೂಟ ನಡೆಸಿದರೆ ಸರಳತೆಯೇ ಒಂದು ಅಲಂಕಾರವಾಗುತ್ತದೆ. ಆಡಂಬರದ ಮದುವೆಯಲ್ಲಿ ಕನಿಷ್ಠಪಕ್ಷ ಆಡಂಬರ ತನ್ನ ಹೆಸರಿನಲ್ಲಿಯೇ ಇರುತ್ತದೆ. ಇಲ್ಲಿ ಅದು ವೇಷ ಮರೆಸಿ ಬರುತ್ತದೆ.

ನಾಲ್ಕನೆಯದು ಕಾನೂನಿನ ಸಂಗತಿ. ಇದನ್ನು ಸುಧಾರಣಾಪರರು ಉಪೇಕ್ಷಿಸಬಾರದು. 1955ರ ಹಿಂದೂ ವಿವಾಹ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅದರ 7ನೆಯ ವಿಧಿಯಂತೆ ವಿವಾಹವು ವಧೂವರರಲ್ಲಿ ಯಾರಾದರೊಬ್ಬರ ಕಡೆಯ ರೂಢಿಗತ ವಿಧಿಗಳಿಗೆ ಅನುಸಾರವಾಗಿ ನಡೆಯಬೇಕು. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಯೊಡನೆ ವಿವಾಹ ಪೂರ್ಣವಾಗುತ್ತದೆ. ತಮಿಳುನಾಡು 1967ರಲ್ಲಿ ಈ ಕಾಯಿದೆಗೆ 7ಎ ಎಂಬ ತಿದ್ದುಪಡಿ ತಂದು ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹಗಳಿಗೆ ಮಾನ್ಯತೆ ಕೊಟ್ಟಿತು. ಕರ್ನಾಟಕದಲ್ಲಿ ಅಂಥ ತಿದ್ದುಪಡಿ ಬಂದಿಲ್ಲ. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠ ವಿಧಿಗಳು ನಡೆಯದೆ ಕೇವಲ ನೋಂದಣಿಪತ್ರದಿಂದ ಈ ಕಾಯಿದೆಯಡಿ ವಿವಾಹ ಸಿದ್ಧವಾಗುವುದಿಲ್ಲವೆಂದು ಹೇಳಿತು. ಅದೇ ತೀರ್ಪಿನಲ್ಲಿ, ವಿವಾಹ ಹಾಡು ಕುಣಿತಗಳ, ತಿಂದು ಕುಡಿಯುವ ಸಂದರ್ಭವಲ್ಲವೆಂದೂ, ವರದಕ್ಷಿಣೆಯ ವಸೂಲಿಗೆ ನೆಪವಲ್ಲವೆಂದೂ ಎಚ್ಚರಿಸಿತು. ಸುಧಾರಕರಿಗೂ ಆಡಂಬರಪ್ರಿಯರಿಗೂ ಒಂದೇ ತೀರ್ಪಿನಲ್ಲಿ ಪಾಠವಿದೆ. ಪ್ರತಿಜ್ಞೆಯನ್ನು ಮಾತ್ರ ಇಟ್ಟುಕೊಳ್ಳಬಯಸುವವರು ರೂಢಿಯ ಸಪ್ತಪದಿಯನ್ನೂ ಜೊತೆಗಿರಿಸಿಕೊಂಡು ನೋಂದಾಯಿಸುವುದು, ಇಲ್ಲವೆ 1954ರ ವಿಶೇಷ ವಿವಾಹ ಕಾಯಿದೆಯಂತೆ 30 ದಿನಗಳ ಮುಂಚೆ ನೋಟೀಸು ಕೊಟ್ಟು ಅಧಿಕಾರಿಯ ಮುಂದೆ ವಿವಾಹವಾಗುವುದು ವಿವೇಕ. ನಾಳೆ ಕಷ್ಟ ಬಂದಾಗ ಕಾಗದವಿಲ್ಲದೆ ಅಲೆಯುವವಳು ಹೆಣ್ಣುಮಗಳು.

ಇನ್ನೊಂದು ಮಾದರಿ ಸಾಮೂಹಿಕ ವಿವಾಹದ್ದು. 1972ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಧರ್ಮಸ್ಥಳದಲ್ಲಿ ಆರಂಭಿಸಿದ ಉಚಿತ ಸಾಮೂಹಿಕ ವಿವಾಹಗಳು ನಾಡಿನ ಅನೇಕ ಮಠಗಳಿಗೂ ದೇವಾಲಯಗಳಿಗೂ ಮೇಲ್ಪಂಕ್ತಿಯಾದವು. ಜೈನ ಮನೆತನದ ಧರ್ಮಾಧಿಕಾರಿ, ಶ್ರೀ ಮಂಜುನಾಥನ ಸನ್ನಿಧಿ, ಬೇರೆ ಬೇರೆ ಜಾತಿಗಳ ವಧೂವರರು – ಸೋಮದೇವನ ಉದಾರ ನಿಯಮಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವನ್ನು ಹುಡುಕುವುದು ಕಷ್ಟ. ಸೀರೆ, ಪಂಚೆ, ಮಾಂಗಲ್ಯಗಳು ಕ್ಷೇತ್ರದಿಂದಲೇ ಬರುವುದರಿಂದ ಹೆಣ್ಣಿನ ತಂದೆ ಸಾಲಗಾರನಾಗುವುದಿಲ್ಲ. ಪರಿಗ್ರಹದ ಅಳತೆಯಲ್ಲಿ ಈ ಮಾದರಿಗೆ ಅಗ್ರಸ್ಥಾನ ಸಲ್ಲಬೇಕು. ಆದರೆ ಅನುಕೂಲವಿರುವ ಮನೆಗಳು ಇದನ್ನು ಬಡವರ ಮದುವೆಯೆಂದು ಎಣಿಸಿ ದೂರ ನಿಲ್ಲುತ್ತಿರುವುದು ವಿಷಾದದ ಸಂಗತಿ. ದಾನಿಯ ಸಾಲಿನಲ್ಲಿ ಹೆಸರು ಬರೆಸಿ, ಸ್ವಂತ ಮಗಳ ಮದುವೆಗೆ ಬೇರೆ ಮಂಟಪ ಹುಡುಕುವವರಿಂದ ಸುಧಾರಣೆ ಮುಂದೆ ಸಾಗದು. ಮತ್ತೊಂದು ಮಿತಿಯೂ ಇದೆ. ನೂರು ಜೋಡಿಗಳ ಪ್ರತಿಜ್ಞೆ ಒಂದೇ ಧ್ವನಿವರ್ಧಕದಲ್ಲಿ ನಡೆಯುವಾಗ ಒಂದೊಂದು ಜೋಡಿಯ ಸ್ವಂತ ಮಾತಿಗೆ ಎಡೆ ಕಡಿಮೆ. ಸಾಮೂಹಿಕ ವಿವಾಹಕ್ಕೆ ಹೋಗುವ ಮನೆಗಳು ಹಿಂದಿನ ದಿನ ತಮ್ಮ ಅಂಗಳದಲ್ಲಿ ಹಾಡು, ಹರಕೆ, ಪ್ರತಿಜ್ಞೆಗಳ ಒಂದು ಚಿಕ್ಕ ಕೂಟವನ್ನು ಇರಿಸಿಕೊಂಡರೆ ಈ ಕೊರತೆ ನೀಗುತ್ತದೆ.

ಚಿಕ್ಕ ಮದುವೆ ಮಾಡಿದರೆ ಬಂಧುಗಳು ಮುನಿಯುತ್ತಾರೆ, ಸಮಾಜ ಆಡಿಕೊಳ್ಳುತ್ತದೆ ಎಂಬ ಅಂಜಿಕೆಯೊಂದು ಉಳಿಯುತ್ತದೆ. 2020ರ ಸೋಂಕಿನ ದಿನಗಳಲ್ಲಿ ಮದುವೆಗೆ 50 ಜನರ ಮಿತಿಯನ್ನು ಸರಕಾರ ಹಾಕಿತ್ತು. ಆಗ ಅಂಗಳದಲ್ಲಿ, ಮನೆಯ ಮುಂದಿನ ಚಪ್ಪರದಲ್ಲಿ ನಡೆದ ಮದುವೆಗಳ ದಾಂಪತ್ಯ ಅದರಿಂದೇನೂ ಕುಂದಲಿಲ್ಲ. ಬಾರದ ಬಂಧುಗಳು ಮುನಿಯಲೂ ಇಲ್ಲ. ಆಜ್ಞೆಗೆ ಅಂಜಿ ಸಾಧ್ಯವಾದದ್ದು ವಿವೇಕದಿಂದ ಏಕೆ ಸಾಧ್ಯವಾಗಬಾರದು? ಹೊರಗಿನ ಕಟ್ಟಳೆಯಿಂದ ಆದದ್ದು ನಿರ್ಬಂಧ. ಒಳಗಿನ ಸಂಕಲ್ಪದಿಂದ ಆದರೆ ಅದೇ ಪರಿಮಾಣವ್ರತ.

ಈ ಮಾದರಿಗಳನ್ನೆಲ್ಲ ಪಕ್ಕಪಕ್ಕದಲ್ಲಿರಿಸಿ ನೋಡಿದಾಗ ಆಯ್ಕೆಯೆಂಬುದು ಹಳತು–ಹೊಸತುಗಳ ನಡುವಿನದಲ್ಲವೆಂದು ತಿಳಿಯುತ್ತದೆ. ಪಂಚಪರಮೇಷ್ಠಿಗಳ ಸ್ಮರಣೆಯಿಂದ ಆರಂಭಿಸಿ ಸಪ್ತಪದಿಯಲ್ಲಿ ಮುಗಿಯುವ ಜೈನ ವಿವಾಹವಿಧಿಯೂ ಅರ್ಥಹೇಳದೆ ನಡೆಸಿದರೆ ಬರಿಯ ಸದ್ದಾಗುತ್ತದೆ. ಕುವೆಂಪು ಅವರ ಪುಸ್ತಿಕೆಯೂ ಮನಸ್ಸಿಡದೆ ಓದಿದರೆ ಬರಿಯ ಸದ್ದೇ. ಯಾವ ಮನೆ ಯಾವ ವಿಧಿಯನ್ನು ಅನುಸರಿಸಿದರೂ ಕೆಲವು ಅಂಶಗಳನ್ನು ಕಾರ್ಯಕ್ರಮಪತ್ರಿಕೆಯಲ್ಲಿ ಸೇರಿಸಲು ಖರ್ಚು ತಗಲುವುದಿಲ್ಲ. ಒಂದೇ ಹಾಳೆಯ ಪತ್ರಿಕೆ ಸಾಕು. ಅದರಲ್ಲಿ ತಾಯಿಯ ಹೆಸರು ಆಕೆಯ ಸ್ವಂತ ಹೆಸರಾಗಿರಲಿ. ಪ್ರತಿಯೊಂದು ವಿಧಿಯ ಎದುರಿಗೆ ಅದರ ಅರ್ಥ ಕನ್ನಡದ ಒಂದು ಸಾಲಿನಲ್ಲಿರಲಿ. ಏಳು ಹೆಜ್ಜೆಗಳ ಮಾತನ್ನು ವಧುವೂ ವರನೂ ತಮ್ಮ ಬಾಯಿಂದ ಗಟ್ಟಿಯಾಗಿ ಹೇಳಲಿ. ಆಗ ಓಲಗ ನಿಲ್ಲಲಿ, ಛಾಯಾಗ್ರಾಹಕರು ಪಕ್ಕಕ್ಕೆ ಸರಿಯಲಿ. ಮಾಂಗಲ್ಯಧಾರಣೆಯಾದ ಮೇಲೆ ಗಟ್ಟಿಮೇಳ ಎಷ್ಟು ಮೊಳಗಿದರೂ ಬಾಧಕವಿಲ್ಲ. ಗಡಿಯಾಚೆಯಿಂದ ಬೀಗರು ಬಂದಿದ್ದರೆ ಅದೇ ಪ್ರತಿಜ್ಞೆಯನ್ನು ತೆಲುಗಿನಲ್ಲಿಯೂ ಒಮ್ಮೆ ಓದಲಿ. ಮಗಳನ್ನು ತರುವ ಮನೆಯವರಿಗೆ ಆಕೆಗೆ ಕೊಟ್ಟ ಮಾತು ಏನೆಂದು ತಿಳಿದಿರಬೇಕು. ಹೆಂಗಸರ ಹಾಡಿಗೆ ಒಂದು ಗಳಿಗೆ ಪತ್ರಿಕೆಯಲ್ಲಿಯೇ ಅಚ್ಚಾಗಲಿ, ಸಮಯ ಸಿಕ್ಕರೆ ಎಂಬಂತೆ ಅಲ್ಲ. ಊಟ ಹಗಲಿನಲ್ಲಿಯೇ ಮುಗಿಯಲಿ. ಶ್ರಾವಕರ ಮನೆಗೆ ಅದು ರಾತ್ರಿಭೋಜನತ್ಯಾಗ, ಉಳಿದವರಿಗೆ ದೂರದ ಊರುಗಳಿಗೆ ಕತ್ತಲಾಗುವ ಮೊದಲು ಮರಳುವ ಅನುಕೂಲ. ಖರ್ಚನ್ನು ಎರಡು ಮನೆಗಳೂ ಸಮನಾಗಿ ಹೊರಲಿ.

ತತ್ತ್ವಾರ್ಥಸೂತ್ರ ಬ್ರಹ್ಮಚರ್ಯಾಣುವ್ರತದ ಅತಿಚಾರಗಳಲ್ಲಿ ಪರವಿವಾಹಕರಣವನ್ನು, ಎಂದರೆ ಅನ್ಯರ ಮದುವೆಗಳನ್ನು ಮಾಡಿಸುವ ಉತ್ಸಾಹವನ್ನು, ಮೊದಲನೆಯದಾಗಿ ಹೇಳಿದೆ. ಮದುವೆಯ ಸಡಗರದಲ್ಲಿಯೂ ರಾಗವಿದೆಯೆಂದು ಗುರುತಿಸಿದ ಆ ಸೂತ್ರಕಾರರ ಸೂಕ್ಷ್ಮದೃಷ್ಟಿ ಇಂದಿನ ನೆಂಟರಿಷ್ಟರಿಗೆ ದಾರಿ ತೋರಬೇಕಾಗಿದೆ. ಕಾರ್ಯಕ್ರಮದ ಪ್ರತಿ ಸಾಲಿನಲ್ಲಿಯೂ ತಮ್ಮ ಆಸೆಯೊಂದನ್ನು ಸೇರಿಸುವ ಸೋದರಮಾವಂದಿರು, ಚಿಕ್ಕಪ್ಪಂದಿರು, ಗೆಳೆಯರು ಒಂದು ಕ್ಷಣ ನಿಂತು ಇದು ಯಾರ ವ್ರತ, ಯಾರ ಸಾಲ ಎಂದು ಕೇಳಿಕೊಂಡರೆ ಅರ್ಧ ಪತ್ರಿಕೆ ತಾನಾಗಿ ಹಗುರವಾಗುತ್ತದೆ.

ಮುಂದಿನ ಸುಗ್ಗಿಯ ನಂತರ ಪರಶುರಾಂಪುರದಲ್ಲಿ ಮತ್ತೆ ಚಪ್ಪರಗಳು ಏಳುತ್ತವೆ. ಮುದ್ರಣಾಲಯದ ಮಾದರಿ ಪುಸ್ತಕ ಮತ್ತೆ ತೆರೆಯುತ್ತದೆ. ಆಗ ಮನೆಯ ಹಿರಿಯರು ಯಾವ ಬಣ್ಣ, ಎಷ್ಟು ಮಡಿಕೆ ಎಂದು ಕೇಳುವ ಮೊದಲು ಮದುಮಗಳನ್ನು ಕರೆದು, ಆ ಹೊತ್ತಿನಲ್ಲಿ ನೀನು ಏನು ಹೇಳಬೇಕೆಂದಿರುವೆ ಮಗಳೆ ಎಂದು ಕೇಳಲಿ. ಆಕೆ ಕೊಡುವ ಉತ್ತರವನ್ನು ಬರೆದುಕೊಳ್ಳಲು ಒಂದು ಹಾಳೆ ಸಾಕು. ಪತ್ರಿಕೆ ಅಲ್ಲಿಂದ ಆರಂಭವಾಗಲಿ.